ಮೇಖ್ರಿ ಸರ್ಕಲ್‌ನ ಅಂಕಲ್

ಇವತ್ತು ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ರ ಬಸ್ಸು ಇಪ್ಪತ್ತು ನಿಮಿಷ ಅಲ್ಲಾಡ್ಲೇ ಇಲ್ಲ.

ಪಕ್ಕದ ಸೀಟಿನ ಅಂಕಲ್ ಬೆವರು ಒರೆಸ್ಕೋತಾ 'ಅವತ್ತು ಆ ಸ್ಟೀಲ್ ಬ್ರಿಡ್ಜ್ ಕಟ್ಟಿದ್ರೆ ಈ ಗೋಳು ಇರ್ತಿತ್ತೇನಮ್ಮಾ' ಅಂದ್ರು. ನಾನು ಕಿಟಕಿ ಕಡೆ ತಿರುಗ್ದೆ.

2016ರಲ್ಲಿ ಏರ್‌ಪೋರ್ಟ್ ರಸ್ತೆ ಮೇಲೆ ಸರ್ಕಾರ ಕಟ್ಟೋಕೆ ಹೊರಟಿದ್ದ ಆ ಬ್ರಿಡ್ಜಿಗೆ 812 ಮರ ಕಡೀಬೇಡಿ ಅಂತ ಮಾನವ ಸರಪಳಿಲಿ ನಿಂತೋಳು ನಾನೂ, ಮಾರನೇ ವರ್ಷ ಸರ್ಕಾರ ಕೈಬಿಟ್ಟಾಗ ಆಫೀಸಲ್ಲಿ ಮೈಸೂರ್‌ಪಾಕ್ ಹಂಚಿದ್ದೆ, ಆದ್ರೆ ದಿನಾ ಇದೇ ಬಸ್ಸಲ್ಲಿ ಬೇಯೋ ಇವ್ರನ್ನ ಯಾರಾದ್ರೂ ಕೇಳಿದ್ವಾ? ದೇಶಕ್ಕೆ ನೆಟ್ ಝೀರೋ (ಗಾಳಿಗೆ ಬಿಟ್ಟಷ್ಟು ಇಂಗಾಲ ವಾಪಸ್ ಹೀರ್ಕೊಳ್ಳೋ ಗುರಿ) 2070ಕ್ಕಂತೆ, ಇವ್ರಿಗೆ ಪಂಚಿಂಗ್ ಒಂಬತ್ತೂವರೆಗೆ.

ಹಾಗಂತ ಬ್ರಿಡ್ಜ್ ಆಗಿದ್ರೂ ಮೇಲೆ ಓಡ್ತಿದ್ದಿದ್ದು ಏರ್‌ಪೋರ್ಟ್ ಕಾರುಗಳೇ ಅಲ್ವಾ ಅಂತ ಹೇಳೋಣ ಅನ್ಕೊಂಡೆ.

ಅಷ್ಟರಲ್ಲಿ ಬಸ್ಸು ಒಂದ್ಮಾರು ಮುಂದೆ ಸರಿದು ಮರದ ನೆರಳಿಗೆ ಬಂತು. ಅಂಕಲ್ 'ಅಬ್ಬಾ' ಅಂತ ಮೇಲಿನ ಗುಂಡಿ ಬಿಚ್ಕೊಂಡು ಕಣ್ಮುಚ್ಚಿದ್ರು.