ನಾಲಗೆ ತಿರುಗದ ಹೆಸರು

“ಸರ್, ಈ ಹೆಸರಿಗೆ ನನ್ನ ನಾಲಗೆಯೇ ತಿರುಗುವುದಿಲ್ಲ, ಗಿರಾಕಿಗಳಿಗೆ ಏನೆಂದು ಹೇಳಲಿ?” ತಿಪಟೂರು ಕಡೆಯ ಆ ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ಅವರ ವೆಬ್‌ಸೈಟ್ ಶುರುವಾಗಿ ಹತ್ತು ದಿನವಾಗಿತ್ತು. ಮರದ ಗಾಣದಲ್ಲಿ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ತೆಗೆದು ಮಾರುವ ಕುಟುಂಬ ಅವರದು. ಹೆಸರು ಆರಿಸಿಕೊಟ್ಟವನು ನಾನು.

ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುವುದು ನನ್ನ ಕೆಲಸ. ಅಂದು ನೇಮ್ ಜನರೇಟರ್‌ಗೆ, ಅಂದರೆ ಹೆಸರು ಹುಟ್ಟಿಸಿಕೊಡುವ ಆನ್‌ಲೈನ್ ಸಾಧನಕ್ಕೆ, ಆಯಿಲ್, ಪ್ಯೂರ್, ನೇಚರ್ ಎಂಬ ಮೂರು ಪದ ಕೊಟ್ಟೆ. ಕ್ಷಣದಲ್ಲಿ ನೂರಾರು ಹೆಸರು ಬಂದವು. ಸಾಮಾನ್ಯವಾಗಿ ಈ ಸಾಧನಗಳು ನಾವು ಕೊಟ್ಟ ಪದದ ಹಿಂದೆ ಮುಂದೆ ಏನಾದರೂ ಅಂಟಿಸುತ್ತವೆ, ಎರಡು ಪದಗಳನ್ನು ಕತ್ತರಿಸಿ ಬೆಸೆಯುತ್ತವೆ, ಆಮೇಲೆ ಯಾವ ವೆಬ್ ವಿಳಾಸವನ್ನು ಯಾರೂ ಕೊಳ್ಳದೆ ಇನ್ನೂ ಖಾಲಿ ಇದೆ ಎಂದು ನೋಡಿ ತೋರಿಸುತ್ತವೆ. ಡಾಟ್ ಕಾಮ್ ನೋಂದಣಿ ಶುರುವಾದದ್ದು 1985ರಲ್ಲಿ. ಚಿಕ್ಕದಾದ, ಚೊಕ್ಕದಾದ ಇಂಗ್ಲಿಷ್ ಪದಗಳೆಲ್ಲ ಎಂದೋ ಹೋಗಿವೆ. ಉಳಿದದ್ದು ಯಾರಿಗೂ ಬೇಡವಾದ ಅಕ್ಷರಗಳ ಜೋಡಣೆ. ಅದು ಖಾಲಿ ಇದೆ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಹೆಸರು ಎಂದು ನಾನು ನಂಬಿಬಿಟ್ಟೆ.

ಇದಕ್ಕಿಂತ ದೊಡ್ಡ ತಪ್ಪು ಆಮೇಲೆ ಬಯಲಾಯಿತು. ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಲು ಹೊರಟಾಗ, ಖಾದ್ಯ ತೈಲಗಳು ಬರುವ 29ನೇ ವರ್ಗದಲ್ಲಿ ಕಿವಿಗೆ ಹೆಚ್ಚುಕಡಿಮೆ ಹಾಗೆಯೇ ಕೇಳಿಸುವ ಹೆಸರೊಂದು ಬೇರೆಯವರಿಗೆ ನೋಂದಣಿಯಾಗಿತ್ತು. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಖಾಲಿ ಇದ್ದರೆ ಹೆಸರೂ ಖಾಲಿ ಇದೆ ಎಂದಲ್ಲ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳಿಂದ ಕಟ್ಟಿಕೊಂಡ ‘ಸಿಫಿ’ ಪದದ ಬಗ್ಗೆ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಶುರುವಾದ ಮೊಕದ್ದಮೆ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆ ಸಲ್ಲುತ್ತದೆ ಎಂದು ನ್ಯಾಯಾಲಯ ಹೇಳಿತು. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಹತ್ತು ನಿಮಿಷದ ಆ ಕೆಲಸವನ್ನು ನಾನು ಮಾಡಿರಲಿಲ್ಲ. ಅಚ್ಚಾಗಿದ್ದ ಎರಡು ಸಾವಿರ ಲೇಬಲ್ ರದ್ದಿಗೆ ಹೋದವು. ಆ ಹಣವನ್ನು ನನ್ನ ಬಿಲ್ಲಿನಲ್ಲಿ ಕಡಿಮೆ ಮಾಡಿದೆ.

ಎರಡನೆಯ ಸಲ ಕನ್ನಡ ಪದಗಳನ್ನೇ ಕೊಟ್ಟೆ. ಅಲ್ಲಿ ಬೇರೆಯೇ ತೊಡಕು. ರೋಮನ್ ಲಿಪಿಗೆ ಹೋದ ಕೂಡಲೇ ಣಕಾರ ನಕಾರವಾಗುತ್ತದೆ. ಗಾಣ ಹೋಗಿ ಗಾನವಾಗುತ್ತದೆ, ಒಂದು ‘ಎ’ ಬಿಟ್ಟರೆ ಗಣವೂ ಆಗುತ್ತದೆ. ಎಣ್ಣೆಯನ್ನು ಕೆಲವರು ‘ಇ’ ಅಕ್ಷರದಿಂದ, ಕೆಲವರು ‘ವೈ’ ಅಕ್ಷರದಿಂದ ಬರೆಯುತ್ತಾರೆ. ಜನರೇಟರ್ ಅದಕ್ಕೆ ‘ಹಬ್’ ಎಂದು ಬಾಲ ಅಂಟಿಸಿತು. ಮಾತಿನಲ್ಲಿ ಎಣ್ಣೆ ಎಂದರೆ ಹೆಂಡವೂ ಹೌದು ಎಂದು ಯಂತ್ರಕ್ಕೆ ಯಾರು ಹೇಳಬೇಕು? ಅಡುಗೆಮನೆಗೆ ಎಣ್ಣೆ ಕೊಡುವ ಮನೆತನದ ಹೆಸರು ಬಾರ್‌ನ ಬೋರ್ಡಿನಂತೆ ಕಾಣಿಸಬಾರದು.

ಕನ್ನಡ ಲಿಪಿಯಲ್ಲೇ ‘.ಭಾರತ’ ಡೊಮೇನ್ ಸಿಗುತ್ತದೆ, ಅಲ್ಲಿ ಗಾಣ ಗಾಣವಾಗಿಯೇ ಉಳಿಯುತ್ತದೆ. ನನಗೆ ಅದರ ಮೇಲೆ ಬಹಳ ಆಸೆ. ಆದರೆ ಒಳಗೆ ಅದು ‘ಎಕ್ಸ್‌ಎನ್’ ಎಂದು ಶುರುವಾಗುವ ರೋಮನ್ ಸಂಕೇತವಾಗಿಯೇ ಓಡಾಡುತ್ತದೆ, ಕೆಲವೆಡೆ ಕೊಂಡಿ ಆ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಂಥ ಕೊಂಡಿಯನ್ನು ಒತ್ತಲು ಜನ ಹೆದರುತ್ತಾರೆ. ಈಗಿನ ಮಟ್ಟಿಗೆ ಅದನ್ನು ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಬಹುದು ಅಷ್ಟೆ.

ಕೊನೆಗೆ ಕಂಪ್ಯೂಟರ್ ಬಿಟ್ಟು ಅವರ ಊರಿಗೆ ಹೋದೆ. “ಜನ ನಿಮ್ಮ ಗಾಣಕ್ಕೆ ಏನೆನ್ನುತ್ತಾರೆ ಅಮ್ಮಾ?” ಎಂದು ಕೇಳಿದೆ. ಅಂಗಳದ ಮರವೊಂದನ್ನು ತೋರಿಸಿದರು. ಸುತ್ತಲ ಹಳ್ಳಿಯವರೆಲ್ಲ ಆ ಮರದ ಹೆಸರಿನಿಂದಲೇ ಗಾಣವನ್ನು ಗುರುತಿಸುತ್ತಾರಂತೆ. ಮೂವತ್ತು ವರ್ಷದಿಂದ ಜನರ ಬಾಯಲ್ಲಿ ಸವೆದು ನಯವಾದ ಹೆಸರು ಅಲ್ಲೇ ಇತ್ತು.

ಆಗ ಜನರೇಟರ್ ನಿಜಕ್ಕೂ ಉಪಕಾರಕ್ಕೆ ಬಂತು. ಆ ಒಂದು ಪದವನ್ನು ಕೊಟ್ಟು, ಯಾವ ಕಾಗುಣಿತ, ಡಾಟ್ ಕಾಮ್‌ನಂಥ ಯಾವ ಬಾಲ ಖಾಲಿ ಇದೆ ಎಂದಷ್ಟೇ ಕೇಳಿದೆ. ‘.ಇನ್’ ಸಿಕ್ಕಿತು. ಮೊದಲ ವರ್ಷ ಕಾಸಿಗೆ ಕೊಟ್ಟು ಎರಡನೆಯ ವರ್ಷ ಹಲವು ಪಟ್ಟು ಕೇಳುವ ಹೊಸ ಬಾಲಗಳನ್ನು ದೂರವಿಟ್ಟೆ. ಕೊಳ್ಳುವ ಮೊದಲು ಟ್ರೇಡ್‌ಮಾರ್ಕ್ ಹುಡುಕಿದೆ. ಬಳಿಕ ಐದು ಜನರಿಗೆ ಫೋನ್ ಮಾಡಿ, ಹೆಸರನ್ನು ಒಮ್ಮೆ ಮಾತ್ರ ಹೇಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸಿ ಎಂದೆ. ಮೂವರು ಒಂದು ರೀತಿ ಬರೆದರು, ಇಬ್ಬರು ಒಂದು ಸ್ವರವನ್ನು ಎರಡು ಮಾಡಿ ಬರೆದರು. ಎರಡನ್ನೂ ಕೊಂಡು, ಎರಡನೆಯದು ಮೊದಲನೆಯದಕ್ಕೆ ಕರೆದೊಯ್ಯುವಂತೆ ಮಾಡಿದೆ.

ಆ ಎರಡನೆಯ ಕಾಗುಣಿತದಿಂದ ಬರುವವರು ಇಂದಿಗೂ ಇದ್ದಾರೆ. ಎರಡರ ನವೀಕರಣದ ತಾರೀಖನ್ನೂ ಆ ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ.