ಅವಳಿ ಕರುಗಳ ಪಾಠ

ಧಾರವಾಡದ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಗುರುಗಳು ರೋಗನಿರೋಧಕ ವ್ಯವಸ್ಥೆಯ ಪಾಠವನ್ನು ದನದ ಕೊಟ್ಟಿಗೆಯಿಂದ ಆರಂಭಿಸಿದ್ದು ನನಗೆ ಇಂದಿಗೂ ನೆನಪಿದೆ. ಮನೆಯಲ್ಲಿ ದನ ಕಟ್ಟಿದವರು ಯಾರೆಂದು ಅವರು ಕೇಳಿದಾಗ, ಹಾವೇರಿ ಕಡೆಯ ಗೆಳೆಯನೊಬ್ಬ ಎದ್ದು ನಿಂತು, "ಹೋರಿಗರದ ಜೋಡಿ ಹುಟ್ಟಿದ ಹೆಣ್ಗರು ಗಬ್ಬ ಆಗೂದಿಲ್ರಿ ಸರ್" ಎಂದ. ಗುರುಗಳು ಆ ಮಾತನ್ನೇ ಹಿಡಿದು, ಗರ್ಭದಲ್ಲಿ ಅಂಥ ಅವಳಿಗಳ ರಕ್ತನಾಳಗಳು ಕೂಡಿಕೊಳ್ಳುವುದರಿಂದ ಬಹುಪಾಲು ಹಾಗಾಗುತ್ತದೆಂದು ವಿವರಿಸಿದರು. ಅಮೆರಿಕದ ರೇ ಓವನ್ 1945ರಲ್ಲಿ ಅವಳಿ ದನಗಳ ರಕ್ತವನ್ನು ಪರೀಕ್ಷಿಸಿ, ಒಂದರ ಮೈಯಲ್ಲಿ ಇನ್ನೊಂದರ ರಕ್ತಕಣಗಳು ಬೆಳೆದ ಮೇಲೂ ಉಳಿದಿರುವುದನ್ನು ತೋರಿಸಿದ್ದರು. ಹುಟ್ಟುವ ಮೊದಲೇ ಒಡನಾಡಿದ್ದನ್ನು ದೇಹ ತನ್ನದೆಂದೇ ಬಗೆಯುತ್ತದೆ ಎಂಬ ಈ ಎಳೆಯನ್ನು ಮುಂದುವರಿಸಿದ ಬರ್ನೆಟ್ ಮತ್ತು ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು.

ಪ್ರಯೋಗಾಲಯದಲ್ಲಿ ಬೆರಳ ತುದಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಲೀಷ್ಮನ್ ಬಣ್ಣ ಹಾಕಿ ನೋಡಿದೆವು. ಬಿಳಿ ರಕ್ತಕಣಗಳಲ್ಲೊಂದು ಬಗೆಯಾದ ಲಿಂಫೋಸೈಟಿನ ಕಡುನೇರಳೆ ಕೋಶಕೇಂದ್ರ ಇಡೀ ಕೋಶವನ್ನು ತುಂಬಿಕೊಂಡು, ಅಂಚಿನಲ್ಲಿ ಮಾತ್ರ ತಿಳಿನೀಲಿಯ ಗೆರೆ ಉಳಿದಿತ್ತು. ಇವುಗಳಲ್ಲಿ ಕಾದುವ ಕೋಶ ಯಾವುದು, ಕಾದುವುದನ್ನು ತಡೆಯುವ ಕೋಶ ಯಾವುದು ಎಂಬುದು ಹಾಗೆ ನೋಡಿದರೆ ತಿಳಿಯುವಂತಿಲ್ಲ.

ಲಿಂಫೋಸೈಟುಗಳಲ್ಲೇ ಒಂದು ಬಗೆಯಾದ ಟಿ ಕೋಶಗಳಲ್ಲಿ ಸ್ವಂತ ದೇಹಕ್ಕೆ ಎರಗಬಲ್ಲವು, ಅವು ಬಲಿಯುವ ಥೈಮಸ್ ಗ್ರಂಥಿಯಲ್ಲೇ ನಾಶವಾಗುತ್ತವೆ, ಆದರೂ ಕೆಲವು ತಪ್ಪಿಸಿಕೊಂಡು ಹೊರಬರುತ್ತವೆ ಎಂದು ಗುರುಗಳು ಹೇಳಿದ್ದರು. ಅವುಗಳನ್ನು ಅಂಕೆಯಲ್ಲಿಡುವವರು ಯಾರೆಂಬುದಕ್ಕೆ ಉತ್ತರವನ್ನು ನಾನು ಬಹಳ ತಡವಾಗಿ ಓದಿದೆ. ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದರೆ, ಅವುಗಳ ರಕ್ಷಣಾಕೋಶಗಳು ಅವುಗಳ ಅಂಗಗಳನ್ನೇ ಹಾಳುಗೆಡವುತ್ತಿದ್ದವು. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಆ ಕೇಡು ತಪ್ಪುತ್ತಿತ್ತು. ಈ ಜಾಡು ಹಿಡಿದ ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ನಿಯಂತ್ರಕ ಟಿ ಕೋಶಗಳನ್ನು ಗುರುತಿಸಿದರು. ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ 2001ರಲ್ಲಿ ಫಾಕ್ಸ್‌ಪಿ3 ಎಂಬ ಜೀನನ್ನು ಕಂಡುಹಿಡಿದರು. ಆ ಕೋಶಗಳು ರೂಪುಗೊಳ್ಳಲು ಅದೇ ಬೇಕೆಂಬುದು ಎರಡು ವರ್ಷಗಳಲ್ಲಿ ಖಚಿತವಾಯಿತು. ಮೂವರಿಗೂ 2025ರ ನೊಬೆಲ್ ದೊರೆತ ಸುದ್ದಿಯನ್ನು ಗುರುಗಳಿಗೆ ಹೇಳಬೇಕೆನಿಸಿತು, ಅವರು ಈಗಿಲ್ಲ.

ಕೆಲವು ವರ್ಷಗಳಿಂದ ನನಗೆ ರುಮಟಾಯ್ಡ್ ಸಂಧಿವಾತವಿದೆ. ನನ್ನ ರಕ್ಷಣಾಕೋಶಗಳೇ ನನ್ನ ಕೀಲುಗಳ ಒಳಪೊರೆಯ ಮೇಲೆ ಎರಗುವ ಕಾಯಿಲೆಯಿದು. ಬೆಳಿಗ್ಗೆ ಎದ್ದ ಕೂಡಲೇ ಸೀರೆಯ ನೆರಿಗೆ ಹಿಡಿಯಲು ಬೆರಳುಗಳು ಬಗ್ಗುವುದಿಲ್ಲ. ಅಂಥ ಒಂದು ಮುಂಜಾವಿನಲ್ಲಿ ಹಳೆಯ ರೆಕಾರ್ಡ್ ಪುಸ್ತಕ ತೆರೆದೆ. ನಾನು ಬರೆದ ಲಿಂಫೋಸೈಟಿನ ಚಿತ್ರದ ಪಕ್ಕ ಗುರುಗಳ ಕೆಂಪು ಶಾಯಿಯ ತಿದ್ದುಪಡಿ ಹಾಗೆಯೇ ಇದೆ: "ಅಂಚು ಇನ್ನೂ ತೆಳ್ಳಗಿರಲಿ."