ಊದುಬತ್ತಿ ಕಡ್ಡಿಯ ಜೈಲು: ಈಗ ಲೈಟಿಂಗ್ ಸರದಿ

ಗೋಡೆಗಳು ನಿಂತಿವೆ, ಬಾಗಿಲು ಕೂತಿದೆ, ಮಂಚಗಳು ಅರ್ಧ ಆಗಿವೆ. ಉಳಿದ ಮಂಚ ಆಮೇಲೆ ನೋಡಿಕೊಳ್ಳೋಣ ಅಂತ ಲೈಟಿಂಗಿಗೆ ಕೈ ಹಾಕಿದ್ದೇನೆ. ಈ ಕೆಲಸ ಶುರು ಮಾಡಿದ್ದೇ ಅದರ ಆಸೆಗೆ.

ಹೊಸದಾಗಿ ಓದುತ್ತಿರುವವರಿಗೆ: 1950ರಲ್ಲಿ ವಾರ್ನರ್ ಬ್ರದರ್ಸ್ ತೆಗೆದ ‘ಕೇಜ್ಡ್’ ಅನ್ನೋ ಕಪ್ಪು-ಬಿಳುಪು ಸಿನಿಮಾ ಇದೆ. ಅದರಲ್ಲಿರುವ ಹೆಂಗಸರ ಜೈಲನ್ನು 1:12 ಅಳತೆಯಲ್ಲಿ ಕಟ್ಟಿ ಫೋಟೊ ತೆಗೆಯುತ್ತಿದ್ದೇನೆ. ನಿರ್ದೇಶಕ ಜಾನ್ ಕ್ರಾಮ್‌ವೆಲ್, ಕ್ಯಾಮೆರಾ ಕಾರ್ಲ್ ಗಥ್ರಿ. ಹತ್ತೊಂಬತ್ತು ವರ್ಷದ ಮೇರಿ ಅಲೆನ್, ಗಂಡ ಮಾಡಿದ ದರೋಡೆಯಲ್ಲಿ ಸಿಕ್ಕಿಕೊಂಡು ಜೈಲಿಗೆ ಬರುತ್ತಾಳೆ. ಗಂಡ ಸತ್ತಿದ್ದಾನೆ, ಇವಳು ಬಸುರಿ. ಇಷ್ಟಕ್ಕೂ ಅದು ಬರೀ 40 ಡಾಲರಿನ ವಿಷಯ. ಎಲೀನರ್ ಪಾರ್ಕರ್ ಈ ಪಾತ್ರಕ್ಕೆ ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು. ಚಿತ್ರಕಥೆ ಬರೆದ ಇಬ್ಬರಲ್ಲಿ ವರ್ಜೀನಿಯಾ ಕೆಲ್ಲಾಗ್ ಒಬ್ಬರು. ಅವರು ಕೈದಿಯಾಗಿಯೇ ಜೈಲಿನೊಳಗೆ ಇದ್ದು ನೋಡಿ ಬಂದವರು. ಅದಕ್ಕೇ ಇರಬೇಕು, ಹೊಸ ಕೈದಿಯನ್ನು ಒಳಗೆ ತೆಗೆದುಕೊಳ್ಳುವ ದೃಶ್ಯ ಕಚೇರಿ ಕೆಲಸದಷ್ಟು ತಣ್ಣಗೆ ನಡೆಯುತ್ತದೆ.

ಅಳತೆ ಸುಲಭ. ಒಂದು ಅಡಿಗೆ ಒಂದು ಇಂಚು. ಮುಕ್ಕಾಲು ಇಂಚಿನ ಕಬ್ಬಿಣದ ಸರಳು ಇಲ್ಲಿ ಸುಮಾರು 1.6 ಮಿಲಿಮೀಟರ್ ಆಗಬೇಕು. ಊದುಬತ್ತಿಯ ಬಿದಿರು ಕಡ್ಡಿ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಹಾಗಾಗಿ ದೇವರ ಮುಂದೆ ಹಚ್ಚಿ ಉಳಿದ ಕಡ್ಡಿಗಳೆಲ್ಲ ಈಗ ಅಮೆರಿಕದ ಜೈಲಿಗೆ ಹೋಗಿವೆ. ಅಮ್ಮನಿಗೆ ಇದು ಅಷ್ಟೇನೂ ಹಿಡಿಸಿಲ್ಲ. ಗೋಡೆಗೆ ಸನ್‌ಬೋರ್ಡ್ ಅನ್ನೋ ಹಗುರ ಫೋಮ್ ಹಲಗೆ. ಸಿನಿಮಾ ಶುರುವಾಗುವುದು ಪೊಲೀಸ್ ವ್ಯಾನಿನ ಕತ್ತಲೊಳಗಿಂದ, ಸಣ್ಣ ಕಿಟಕಿಯಲ್ಲಿ ಹೊರಗೆ ನೋಡುತ್ತಾ. ಆ ಕಿಟಕಿಗೆ ಸೊಳ್ಳೆ ಜಾಲರಿಯ ಒಂದು ಚೂರು ಸಾಕಾಯಿತು.

ಬಣ್ಣ ಹಚ್ಚುವಾಗ ಒಂದು ವಿಷಯ ನೆನಪಿಡಬೇಕು. ಕಣ್ಣಿಗೆ ಬೇರೆ ಬೇರೆ ಕಾಣುವ ಕೆಂಪು, ಹಸಿರು ಎರಡೂ ಕಪ್ಪು-ಬಿಳುಪಿನಲ್ಲಿ ಒಂದೇ ಬೂದು ಆಗಿಬಿಡಬಹುದು. ಅದಕ್ಕೆ ಡಬ್ಬಿ ತೆಗೆದ ಕೂಡಲೇ ಒಂದು ಚೂರು ಬೋರ್ಡಿಗೆ ಬಳಿದು, ಫೋನಿನ ಮೋನೋ ಮೋಡಿನಲ್ಲಿ ನೋಡುತ್ತೇನೆ. ಮಂಚ, ಗೋಡೆ, ಕೈದಿಗಳ ಬಟ್ಟೆ ಮೂರೂ ಒಂದರೊಳಗೊಂದು ಕರಗಿ ಹೋಗಬಾರದು, ಅಷ್ಟೇ.

ಈಗ ಬೆಳಕು. ಟ್ಯೂಬ್‌ಲೈಟ್ ಹಾಕಿದರೆ ನೆರಳು ಮೆತ್ತಗೆ ಹರಡುತ್ತದೆ, ಸೆಟ್ಟು ಆಟಿಕೆ ಅಂತ ಗೊತ್ತಾಗಿಬಿಡುತ್ತದೆ. ಬೆಳಕು ಬರುವ ಜಾಗ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪು. ಹಾಗಂತ ಬರೀ 5 ಮಿಲಿಮೀಟರ್ ಎಲ್‌ಇಡಿ ಕೂಡ ಈ ಅಳತೆಗೆ 6 ಸೆಂಟಿಮೀಟರ್ ಬಲ್ಬಿಗೆ ಸಮ. ಒಂದೇ ಒಂದು ಎಲ್‌ಇಡಿ, ಅದಕ್ಕೆ ಕಪ್ಪು ಡ್ರಾಯಿಂಗ್ ಶೀಟಿನ ಕೊಳವೆ. ಬೇರೇನೂ ಬೇಕಾಗಿಲ್ಲ.

ಜೈಲು ಅಂದ ತಕ್ಷಣ ಗೋಡೆ ಮೇಲೆ ಸರಳಿನ ನೆರಳು ಹಾಕಬೇಕು ಅನಿಸುತ್ತದೆ, ಅಲ್ವಾ? ನಾನೂ ಹಾಕಿ ನೋಡಿದೆ. ದೀಪ ಹತ್ತಿರ ಇದ್ದರೆ ನೆರಳುಗಳು ಬೀಸಣಿಗೆ ಥರ ಬಿಚ್ಚಿಕೊಳ್ಳುತ್ತವೆ, ದೂರ ಒಯ್ದರೆ ಸಾಲಾಗಿ ನಿಲ್ಲುತ್ತವೆ. ನೋಡೋಕೆ ಚೆಂದ, ಆದರೆ ಬರೀ ಪೋಸ್ಟರ್. ಆ ಕಾಲದ ಕ್ರೈಮ್ ಸಿನಿಮಾಗಳಲ್ಲಿ ಕತ್ತಲೆ ಅಂದರೆ ಕಳ್ಳ ಅಡಗುವ ಜಾಗ. ಈ ಹೆಂಗಸರಿಗೆ ಅಡಗುವುದಕ್ಕೆ ಕತ್ತಲೆಯೂ ಇಲ್ಲ ಅನ್ನುವುದು ನನ್ನ ಲೆಕ್ಕ. ಹಾಗಾಗಿ ನೆರಳಿನ ಆಸೆ ಬಿಟ್ಟೆ. ದೀಪವನ್ನು ಬಾಗಿಲ ಕಡೆ ಎತ್ತರಕ್ಕೆ ಕಟ್ಟಿ, ಮಂಚದ ಸಾಲಿನ ತಲೆದಿಂಬುಗಳ ಮೇಲೆ ಬೀಳುವ ಹಾಗೆ ಮಾಡಿದ್ದೇನೆ. ಕಾವಲಿನ ಹಾರ್ಪರ್ ನಿಲ್ಲುವ ಜಾಗ ಮಾತ್ರ ಕಪ್ಪು. ಅವಳಿಗೆ ಎಲ್ಲರೂ ಕಾಣಬೇಕು, ಅವಳು ಯಾರಿಗೂ ಕಾಣಬಾರದು.

ಹಾರ್ಪರ್ ಆಗಿ ನಟಿಸಿದ ಹೋಪ್ ಎಮರ್ಸನ್ ಆರಡಿ ಎರಡಂಗುಲ ಎತ್ತರ ಇದ್ದರು. ನನ್ನ ಲೆಕ್ಕದಲ್ಲಿ ಆರು ಇಂಚಿಗಿಂತ ಒಂದು ಚೂರು ಜಾಸ್ತಿ. ಒಳಗೆ ತಂತಿ, ಮೇಲೆ ಎಂ-ಸೀಲ್. ಬಟ್ಟೆಗೆ ಮಲ್ ಬಟ್ಟೆಯೇ ಆಗಬೇಕು. ದಪ್ಪ ಬಟ್ಟೆಯ ಮಡಿಕೆ ಈ ಅಳತೆಯಲ್ಲಿ ಇಳಿಬೀಳುವುದಿಲ್ಲ, ಗೋಣಿ ಸುತ್ತಿದ ಹಾಗೆ ನಿಂತುಬಿಡುತ್ತದೆ. ಫೆವಿಕಾಲ್ ನೀರಲ್ಲಿ ಅದ್ದಿ, ಒದ್ದೆ ಇರುವಾಗಲೇ ಮಡಿಕೆ ಕೂರಿಸಬೇಕು.

ಫೋಟೊ ತೆಗೆಯುವಾಗ ಕ್ಯಾಮೆರಾ ಹತ್ತಿರ ಇರುವುದರಿಂದ ಫೋಕಸ್ ತೆಳ್ಳಗಾಗುತ್ತದೆ. ಮುಂದಿನ ಮಂಚ ಸ್ಪಷ್ಟ, ಹಿಂದಿನದು ಮಂಜು. ಲೆನ್ಸಿನ ಕಿಂಡಿಯನ್ನು ಎಫ್/16ರಷ್ಟು ಚಿಕ್ಕದು ಮಾಡಿ, ಟ್ರೈಪಾಡ್ ಹಾಕಿ, ಶಟರ್ ಸೆಕೆಂಡುಗಟ್ಟಲೆ ತೆರೆದಿಟ್ಟರೆ ಸರಿಹೋಗುತ್ತದೆ. ಗೊಂಬೆಗಳು ಅಲ್ಲಾಡುವುದಿಲ್ಲವಲ್ಲ, ಅದೊಂದು ಪುಣ್ಯ.

ಮುಂದಿನ ಕೆಲಸ ಮೇರಿಯ ತಲೆ. ಹಾರ್ಪರ್ ಅವಳ ತಲೆ ಬೋಳಿಸುವ ದೃಶ್ಯ ಬೇಕು ಅಂದರೆ ಎರಡು ತಲೆ ಮಾಡಬೇಕು, ಕುತ್ತಿಗೆಯ ತಂತಿಗೆ ಸಿಕ್ಕಿಸಿ ಬದಲಾಯಿಸುವ ಹಾಗೆ. ಕೂದಲಿರುವುದಕ್ಕೆ ಹೊಲಿಗೆ ದಾರ ಬಿಡಿಸಿ ಅಂಟಿಸುತ್ತಿದ್ದೇನೆ. ಬೋಳು ತಲೆಗೆ ಬೂದು ಚುಕ್ಕಿ ಹಾಕೋದು ಬಾಕಿ. ಮೇರಿಗೆ ಸಿಗುವ ಬೆಕ್ಕಿನ ಮರಿಯನ್ನೂ ಮಾಡಬೇಕು, ಉದ್ದ ಎರಡು ಸೆಂಟಿಮೀಟರ್ ಮೀರಬಾರದು. ಅದಕ್ಕೆ ತುಪ್ಪಳ ಹೇಗೆ ಮಾಡೋದು ಅಂತ ಗೊತ್ತಿರುವವರು ಹೇಳಿ.